ಅಕ್ಕನ ಗದ್ದೆಗೆ ಒಯ್ದ ಗೊಬ್ಬರ

ಅಕ್ಕ ತನ್ನ ಎರಡೂ ಎಮ್ಮೆಗಳನ್ನು ಮಾರಿದ ವರ್ಷ ನಾನು ಅವಳಿಗೊಂದು ಮಾತು ಕೊಟ್ಟೆ. ಅವಳು ಕೇಳಿರಲಿಲ್ಲ, ನಾನೇ ಬಾಯಿ ಹಾಕಿ ಕೊಟ್ಟದ್ದು. ನನ್ನ ಬಾಯಿಯೇ ಅಂಥದ್ದು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಕಲಿಸಿ ಕಲಿಸಿ, ಎದುರಿಗೆ ಯಾರು ಕೂತರೂ ಅವರು ಒಂಬತ್ತನೇ ಇಯತ್ತೆಯವರು ಎಂದೇ ಅದು ತಿಳಿದುಬಿಡುತ್ತದೆ.

ಅಕ್ಕ ಇರುವುದು ಖಾನಾಪುರದಿಂದ ಜಾಂಬೋಟಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗ ದಿನಾ ಬಸ್ಸಿನಲ್ಲಿ ಬೆಳಗಾವಿಯ ಕಾರ್ಖಾನೆಯೊಂದಕ್ಕೆ ಹೋಗಿಬರುತ್ತಾನೆ. ಹೊಲಗದ್ದೆ ನೋಡಿಕೊಳ್ಳುವವರು ಅಕ್ಕ ಮತ್ತು ಅವಳ ಸೊಸೆ ಇಬ್ಬರೇ. ಮೊಣಕಾಲು ನೋವು ಹೆಚ್ಚಾಗಿ, ಕುಕ್ಕರುಗಾಲಲ್ಲಿ ಕೂತು ಹಾಲು ಹಿಂಡಲು ಆಗದೆ, ಆ ದಸರೆಯ ಹೊತ್ತಿಗೆ ಅಕ್ಕ ಎಮ್ಮೆಗಳನ್ನು ಕೊಟ್ಟುಬಿಟ್ಟಳು. ಎಮ್ಮೆ ಹೋದ ಮೇಲೆ ಸೆಗಣಿ ಎಲ್ಲಿಂದ ಬರಬೇಕು? ಕೊಟ್ಟಿಗೆಯ ಬಾಜುವಿನ ತಿಪ್ಪೆ ದೀಪಾವಳಿಗೆಲ್ಲ ನೆಲ ಕಚ್ಚಿತ್ತು.

ಮನೆಯ ಹಿಂದೆ ಅವರದೊಂದು ಸಣ್ಣ ಗದ್ದೆ ಇದೆ. ಉಳಿದ ಗದ್ದೆಗಳ ಭತ್ತ ಮಾರಾಟಕ್ಕೆ, ಅವಕ್ಕೆ ಅಂಗಡಿಯಿಂದ ತಂದ ರಾಸಾಯನಿಕ ಗೊಬ್ಬರ ಹಾಕುತ್ತಾರೆ. ನಮ್ಮ ಕಡೆ ಅದಕ್ಕೆ ಸರಕಾರಿ ಗೊಬ್ಬರ ಎನ್ನುವುದು ರೂಢಿ. ಆದರೆ ಈ ಹಿಂದಿನ ಗದ್ದೆಯ ಭತ್ತ ಮನೆಯವರ ಊಟಕ್ಕೆ. ಅಕ್ಕ ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅದಕ್ಕೆ ತಿಪ್ಪೆಗೊಬ್ಬರ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ದೀಪಾವಳಿಗೆ ನಾನು ಹೋದಾಗ ಅಕ್ಕ ಬರಿದಾದ ತಿಪ್ಪೆ ನೋಡುತ್ತ, "ಬರೂ ವರ್ಷ ಹಿಂದಿನ ಗದ್ದಿಗೂ ಸರಕಾರಿ ಗೊಬ್ಬರನ ಹಾಕೂದು. ಮತ್ತೇನ ಮಾಡೂದು?" ಎಂದಳು.

"ಏನೂ ಬ್ಯಾಡ," ಎಂದೆ ನಾನು. "ನಾ ಐದೀನಲ್ಲ. ನಮ್ಮ ಓಣ್ಯಾಗಿನ ಎಲ್ಲಾರ ಮನಿ ಹಸಿ ಕಸಾ ಕೂಡಿಸಿ, ಗೊಬ್ಬರ ಮಾಡಿ, ಜೂನದಾಗ ಮಿರಗದ ಮಳಿ ಬರೂದ್ರಾಗ ತಂದ ಹಾಕತೀನಿ."

"ಕಸಾ?"

"ಕಸಾ ಅಲ್ಲ ಅಕ್ಕಾ, ಗೊಬ್ಬರ. ನಿನ್ನ ತಿಪ್ಪಿ ಗೊಬ್ಬರಕಿಂತ ಛಲೋದು."

ಅಕ್ಕ ತಿಪ್ಪೆ ಬಿಟ್ಟು ನನ್ನ ಕಡೆ ತಿರುಗಿದಳು. "ಖರೇ ತರತೀ ಏನು? ನಿನ್ನ ಮಾತಿನ ಮ್ಯಾಲ ಬಿಡತೀನಿ ನೋಡ ಮತ್ತ," ಎಂದಳು. ನಾನು ಎದೆ ತಟ್ಟಿಕೊಂಡು ಹೂಂ ಅಂದೆ.

ಶಿವರಾತ್ರಿಯ ಹೊತ್ತಿಗೆ ಅಕ್ಕನ ಫೋನ್ ಬಂತು. ಸೊಸೆ ಮತ್ತೆ ಬಸುರಿ. ಹಿಂದಿನ ವರ್ಷ ಅವಳ ಮೊದಲ ಬಸಿರು ನಾಲ್ಕು ತಿಂಗಳಿಗೆ ಇಳಿದುಹೋಗಿತ್ತು. ಅದಾದ ಮೇಲೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದರು. ಈ ಸಲ ಅಕ್ಕನ ದನಿಯಲ್ಲಿ ಖುಷಿಗಿಂತ ಹೆದರಿಕೆಯೇ ಹೆಚ್ಚಿತ್ತು. "ಮಗಾನೂ ಇದ ಗದ್ದಿ ಅನ್ನಾನ ಮೊದಲ ಉಂಡಾವ. ಕೂಸಿಗೂ ಇದರದ ಉಣಸೂದು. ಹೊಟ್ಯಾಗಿಂದ ಏನೂ ತ್ರಾಸ ಇಲ್ಲದ ಹೊರಗ ಬಂದ್ರ ಸಾಕು. ನೀ ನಿನ್ನ ಗೊಬ್ಬರ ಮರೀಬ್ಯಾಡವಾ," ಎಂದಳು. ಮರೆಯುವ ಮಾತೆಲ್ಲಿ ಬಂತು. ಆಗಲೇ ನಾನು ಹಿಂದವಾಡಿಯ ನಮ್ಮ ಓಣಿಯ ಎಂಟು ಮನೆಯ ಕಸದಲ್ಲಿ ಕುತ್ತಿಗೆಯ ತನಕ ಮುಳುಗಿದ್ದೆ.

ಹಸಿರು ಬಾಳುವೆ ಎಂದರೆ ಬಹಳ ಸರಳ ಎಂದು ಪೇಪರಿನಲ್ಲಿ ಬರೆಯುತ್ತಾರಲ್ಲ, ಅವರನ್ನು ಕರೆತಂದು ನಮ್ಮ ಓಣಿಯಲ್ಲಿ ಒಂದು ವಾರ ಕೂರಿಸಬೇಕು. ಒಣ ಕಸ ಬೇರೆ, ಹಸಿ ಕಸ ಬೇರೆ. ಇಷ್ಟೇ. ನಾಲ್ಕು ವರ್ಷದ ಕೂಸಿಗೂ ತಿಳಿಯುವ ಮಾತು. ನಾನು ಉಳಿದ ಏಳೂ ಮನೆಯವರನ್ನು ಚಹಾಕ್ಕೆ ಕರೆದು, ಅವಲಕ್ಕಿ ಕೊಟ್ಟು, ಮನೆಗೊಂದು ಹಸಿರು ಬಕೀಟು ಹಂಚಿದೆ. ಎಲ್ಲರೂ ತಲೆ ಆಡಿಸಿದರು. "ಭಾಳ ಛಲೋ ಕೆಲಸಾರೀ ಬಾಯಾರ," ಎಂದರು. ಶಾಲೆ ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಾರ ಎನ್ನುತ್ತಾರೆ. ಮರುದಿನ ನೋಡಿದರೆ ಒಬ್ಬರ ಮನೆಯಲ್ಲಿ ನನ್ನ ಬಕೀಟು ಬಚ್ಚಲಿಗೆ ಹೋಗಿತ್ತು, ಇನ್ನೊಬ್ಬರ ಮನೆಯಲ್ಲಿ ಅದರಲ್ಲಿ ಜೋಳದ ಹಿಟ್ಟು ತುಂಬಿಸಿಟ್ಟಿದ್ದರು. ಮೂರನೆಯವರು ಪಾಪ, ಶ್ರದ್ಧೆಯಿಂದ ಹಸಿ ಕಸವನ್ನೇ ಹಾಕಿದ್ದರು. ಅದೂ ಹೇಗೆ? ಬಾಳೆಹಣ್ಣಿನ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೂರು ಗಂಟು ಬಿಗಿದು, ಬಕೀಟಿನಲ್ಲಿ ಇಟ್ಟಿದ್ದರು. ಕೇಳಿದರೆ, "ಬಕೀಟು ಹೊಲಸಾಗತದಲ್ರಿ, ಹೊಸಾದು," ಎಂದರು.

ನನಗೆ ಮೈಯೆಲ್ಲ ಉರಿಯಿತು. ಆದರೂ ಬೈಯಲಿಲ್ಲ. ಅಕ್ಕನ ಗದ್ದೆ ಕಣ್ಣ ಮುಂದಿತ್ತು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಕೈಯಲ್ಲಿ ಹಳೆಯ ಇಕ್ಕಳ ಹಿಡಿದು, ಏಳು ಮನೆಯ ಬಕೀಟು ಕೆದಕಿ ಕೆದಕಿ ನೋಡುತ್ತಿದ್ದೆ. ದೇವರ ಹೂವಿನ ಹಾರದಿಂದ ನೂಲು ಬಿಡಿಸುತ್ತಿದ್ದೆ, ಚಹಾಪುಡಿಯಿಂದ ಬಿಸ್ಕಿಟಿನ ಕಾಗದ ಆರಿಸುತ್ತಿದ್ದೆ. ಹಿತ್ತಲಲ್ಲಿ ಇಟ್ಟಂಗಿಯಿಂದ ಕಟ್ಟಿಸಿದ ಎರಡು ತೊಟ್ಟಿ. ಒಂದು ಪದರ ಹಸಿ ಕಸ, ಒಂದು ಪದರ ಮಾವಿನ ಒಣ ಎಲೆ, ಮೇಲೆ ಹುಳಿ ಮಜ್ಜಿಗೆ, ಬೆಲ್ಲದ ನೀರು. ಗಂಡ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಮಜಾ ನೋಡುತ್ತಿದ್ದ.

"ನನಗ ಮಜ್ಜಗಿ ಕೇಳಿದ್ರ ಇಲ್ಲಂತೀ. ಕಸಕ್ಕ ಒಗ್ಗರಣಿ ಒಂದ ಬಾಕಿ ನೋಡು."

"ನೀವು ಸುಮ್ಮನ ಕುಂದರ್ರಿ. ಒಂದಿನಾನೂ ಕೈ ಹಚ್ಚಿಲ್ಲ, ಮಾತಿಗೇನ ಕಡಿಮಿ ಇಲ್ಲ."

"ಕೈ ಹಚ್ಚಿದ್ರ ತೊಳೀಲಿಕ್ಕೆ ನೀರ ಕೊಡಬೇಕಲ್ಲ ನೀ. ಅದನ್ನೂ ಗಿಡಕ್ಕ ಹಾಕತೀ."

ಇದು ಸುಳ್ಳಲ್ಲ. ನೀರು ಶುದ್ಧ ಮಾಡುವ ಯಂತ್ರದಿಂದ ಹೊರಬೀಳುವ ನೀರನ್ನೂ, ಅಕ್ಕಿ ತೊಳೆದ ನೀರನ್ನೂ ನಾನು ಬಕೀಟಿನಲ್ಲಿ ಹಿಡಿದು ಕರಿಬೇವಿಗೆ, ದಾಸವಾಳಕ್ಕೆ ಹಾಕುತ್ತೇನೆ. ಪಾತ್ರೆಗೆ ಅಂಟುವಾಳ, ಪೇಟೆಗೆ ಬಟ್ಟೆ ಚೀಲ. ಇದನ್ನೆಲ್ಲ ಮಾಡುವವಳು ಮನೆಯಲ್ಲಿ ನಾನೊಬ್ಬಳೇ, ನಗುವವರು ಮಾತ್ರ ಓಣಿ ತುಂಬ. ಒಮ್ಮೊಮ್ಮೆ ಎಲ್ಲ ಬಿಟ್ಟು ನಾನೂ ಎಲ್ಲರ ಹಾಗೆ ಕಣ್ಣು ಮುಚ್ಚಿಕೊಂಡು ಆರಾಮ ಇರಬಾರದೇಕೆ ಅನಿಸುತ್ತಿತ್ತು.

ಎಲ್ಲರಿಗಿಂತ ಹೆಚ್ಚು ನನ್ನ ತಲೆ ತಿಂದವರು ಎದುರು ಮನೆಯ ವೈನಿ. ನೆಂಟರೇನಲ್ಲ, ಓಣಿಯವರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ. ಒಳ್ಳೆಯ ಹೆಂಗಸು, ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ. ಅವರ ಹಿತ್ತಲಲ್ಲಿ ನೀರು ಕಾಯಿಸುವ ತಾಮ್ರದ ಬಂಬ ಇದೆ. ದಿನಾ ಬೆಳಿಗ್ಗೆ ಅದಕ್ಕೆ ತೆಂಗಿನ ಚಿಪ್ಪು ಹಾಕಿ, ಉರಿ ಹತ್ತಲೆಂದು ಮೇಲೊಂದು ಹಾಲಿನ ಪಾಕೀಟು ತುರುಕುತ್ತಾರೆ. ಆ ಹೊಗೆ ಸೀದಾ ನನ್ನ ಅಡುಗೆಮನೆಗೆ. ಪ್ಲಾಸ್ಟಿಕ್ಕಿನ ಹೊಗೆ ಏನು ಮಾಡುತ್ತದೆ ಎಂದು ನಾನು ಅವರಿಗೆ ಹೇಳಿದ್ದು ಒಂದು ಸಲವಲ್ಲ, ನೂರು ಸಲ. ಪ್ರತಿ ಸಲ ಕೈಮುಗಿದು, "ಚುಕಲಂ, ತಪ್ಪಾತು ಬಾಯಾರ, ನಾಳಿಂದ ಹಾಕೂದಿಲ್ಲ," ಎನ್ನುತ್ತಾರೆ. ಮರುದಿನ ಮತ್ತೆ ಅದೇ ವಾಸನೆ.

ಈ ವೈನಿಯ ಯಜಮಾನರದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ದೃಷ್ಟಿ ತಾಗಬಾರದೆಂದು ಅಂಗಡಿಗೆ, ಮನೆಬಾಗಿಲಿಗೆ, ಸ್ಕೂಟರಿಗೆ, ಕಾರಿಗೆ ಪ್ರತಿ ಶನಿವಾರ ಲಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿಯನ್ನು ತಂತಿಗೆ ಪೋಣಿಸಿ ಕಟ್ಟುತ್ತಾರೆ. ಕಟ್ಟುವುದು ಕಷ್ಟವಲ್ಲ, ಹಳೆಯದನ್ನು ಎಲ್ಲಿ ಎಸೆಯುವುದು ಎಂಬುದೇ ಕಷ್ಟ. ಹರಿಯುವ ನೀರಿಗೆ ಬಿಡಬೇಕಂತೆ. ಹಿಂದವಾಡಿಯಲ್ಲಿ ಹರಿಯುವ ನೀರೆಂದರೆ ಗಟಾರ. ಹಾಗಾಗಿ ರಸ್ತೆ ಕೂಡುವಲ್ಲಿ ಎಸೆಯುತ್ತಾರೆ, ಉಳಿದವರೆಲ್ಲ ಅದನ್ನು ತುಳಿಯದೆ ಜಿಗಿದು ಜಿಗಿದು ಹೋಗುತ್ತಾರೆ. ಸ್ಕೂಟಿ ಓಡಿಸುವ ಕಾಲೇಜಿನ ಹುಡುಗಿಯರು ಕೂಡ ಹಾವು ಕಂಡವರಂತೆ ಹ್ಯಾಂಡಲ್ ತಿರುಗಿಸುತ್ತಾರೆ. ಇದನ್ನು ನೋಡಿದಾಗೆಲ್ಲ ನನ್ನ ರಕ್ತ ಕುದಿಯುತ್ತಿತ್ತು. ಚೊಕ್ಕ ಲಿಂಬೆಹಣ್ಣುಗಳು ಹಾಳಾಗುತ್ತಿವೆಯಲ್ಲ!

ಒಂದು ಶನಿವಾರ ವೈನಿ ಹಳೆಯ ನಾಲ್ಕು ಲಿಂಬೆಹಣ್ಣಿನ ತಂತಿಗಳನ್ನು ತುದಿಬೆರಳಲ್ಲಿ ಹಿಡಿದು ನಿಂತಿದ್ದರು. ನಾನು ಕರೆದು, "ಇಲ್ಲಿ ಕೊಡ್ರಿ, ಬಕೀಟಿಗೆ ಹಾಕ್ರಿ," ಎಂದೆ.

ಅವರು ಬೆಚ್ಚಿಬಿದ್ದರು. "ನಡೀತದೇನ್ರಿ? ದೃಷ್ಟೀದು ಅಲ್ಲೇನ್ರಿ?"

"ಲಿಂಬಿಹಣ್ಣಿಗೆ ಯಾರ ದೃಷ್ಟಿನೂ ಗೊತ್ತಾಗಂಗಿಲ್ಲ ವೈನಿ. ಅದು ಹಸಿ ಕಸಾ. ತಂತಿ ನಾ ಬಿಚ್ಚಿಕೋತೀನಿ."

ಅವರ ಮುಖದಲ್ಲಿ ಆದ ಸಮಾಧಾನ ನೋಡಬೇಕಿತ್ತು. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಆ ವಾರದಿಂದ ಓಣಿಯ ಎಲ್ಲ ಮನೆಯ ಲಿಂಬೆ ಮೆಣಸಿನಕಾಯಿ ನನ್ನ ಬಕೀಟಿಗೇ ಬರತೊಡಗಿತು. ಹಸಿ ಕಸ ಒಣ ಕಸ ಎಂದರೆ ತಿಳಿಯದವರು ಇದನ್ನು ಮಾತ್ರ ಎಷ್ಟು ಚೆನ್ನಾಗಿ ತಿಳಿದುಕೊಂಡರು! ಮೊದಮೊದಲು ತಂತಿ ಬಿಚ್ಚಿದೆ. ಆಮೇಲೆ ಪರೀಕ್ಷೆ, ಪೇಪರ್ ತಿದ್ದುವುದು ಬಂದು ಕೆಲವು ಹಾಗೇ ಹೋದವು. ಶನಿವಾರದ ಕಸ ಜಾಸ್ತಿಯಾಯಿತೆಂದು ನಾನು ಹೆಮ್ಮೆಯನ್ನೇ ಪಟ್ಟೆ. ತರಗತಿಯಲ್ಲಿ ಮಕ್ಕಳಿಗೆ ಹೇಳಿಯೂ ಹೇಳಿದೆ.

ಮೇ ತಿಂಗಳ ಕೊನೆಗೆ ಗೊಬ್ಬರ ಸಿದ್ಧವಾಯಿತು. ಕರಿ ಕರಿಯಾಗಿ, ಮೊದಲ ಮಳೆಯ ನೆಲದ ವಾಸನೆ. ಇಪ್ಪತ್ತು ಚೀಲ. ಗಂಡ ಕೂಡ ಒಂದು ಮುಷ್ಟಿ ಮೂಸಿ, "ಆತಲ್ಲ ಖರೇನ," ಎಂದ. ಬಾಡಿಗೆಗೆ ಒಂದು ಸಣ್ಣ ಟೆಂಪೋ ಹೇಳಿ, ಕೊಟ್ಟ ಮಾತು ಉಳಿಸಿಕೊಂಡೆನೆಂಬ ಸಡಗರದಲ್ಲಿ ನಾನು ಚಾಲಕನ ಬಾಜು ಕೂತೆ. ಅವನು ಖಾನಾಪುರದ ತನಕ ಒಂದೇ ಮಾತು ಮಾತಾಡಿದ. "ಮಂದಿ ಹಳ್ಳಿಯಿಂದ ಮಣ್ಣ ತಂದು ಊರಾಗಿನ ಕುಂಡ್ಯಾಗ ಹಾಕತಾರ. ನೀವು ಊರಾಗಿನ ಮಣ್ಣ ಹಳ್ಳಿಗೆ ಒಯ್ಯಾಕ ಹತ್ತೀರಲ್ರಿ?" ನಾನು ಅವನಿಗೂ ಪಾಠ ಮಾಡಿದೆ. ಅವನು ರೇಡಿಯೋ ದೊಡ್ಡದು ಮಾಡಿದ.

ಅಕ್ಕ ಅಂಗಳದಲ್ಲಿ, ಮಳೆಗೆ ಭತ್ತದ ಮೇಲೆ ಹೊದಿಸುವ ತಾಡಪತ್ರಿ ಹಾಸಿ ಕಾಯುತ್ತಿದ್ದಳು. ಜಾಂಬೋಟಿಯ ಕಡೆಯಿಂದ ಮೋಡ ಏರುತ್ತಿತ್ತು, ಎರಡು ದಿನ ಮೊದಲೇ ಒಂದು ಅಡ್ಡಮಳೆ ಬಿದ್ದು ಹೋಗಿತ್ತು. ಚಾಲಕ ಚೀಲಗಳನ್ನು ಇಳಿಸಿ, ಚಹಾ ಕುಡಿಯಲು ರಸ್ತೆಯ ಅಂಗಡಿಗೆ ಹೋದ. ಅಕ್ಕ ಮೊದಲ ಚೀಲದ ಬಾಯಿ ಬಿಚ್ಚಿ, ಮೊಣಕೈ ತನಕ ತೋಳು ಇಳಿಸಿ, ಒಂದು ಹಿಡಿ ತೆಗೆದು ಹಿಸುಕಿದಳು, ಮೂಸಿದಳು, ನಾಲಗೆಯ ತುದಿಗೂ ಹಚ್ಚಿ ನೋಡಿದಳೇನೋ.

"ಛಲೋ ಐತಿ," ಎಂದಳು. "ಭಾಳ ಛಲೋ ಐತಿ ತಂಗಿ."

ನನಗೆ ನೌಕರಿಯ ಆರ್ಡರ್ ಕೈಗೆ ಬಂದ ದಿನ ಕೂಡ ಅಷ್ಟು ಖುಷಿಯಾಗಿರಲಿಲ್ಲ. ಮೂರು ಚೀಲ ತಾಡಪತ್ರಿಯ ಮೇಲೆ ಸುರಿದೆವು. ಸೊಸೆ ಒಳಗಿನಿಂದ ಬಂದಳು. ಐದು ತಿಂಗಳ ಹೊಟ್ಟೆ, ಮುಖದಲ್ಲಿ ಹೊಳಪು. ನಾವು ಬೇಡವೆನ್ನುವಷ್ಟರಲ್ಲಿ ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ರಾಶಿಯ ಮೇಲೆ ನಿಂತು ಹೆಂಟೆ ಒಡೆಯತೊಡಗಿದಳು. ಆ ಕಡೆಯವರು ಗೊಬ್ಬರದ ಹೆಂಟೆಯನ್ನು ಕಾಲಿಂದಲೇ ಪುಡಿ ಮಾಡುತ್ತಾರೆ. ಗದ್ದೆಗೆ ಚಪ್ಪಲಿ ಹಾಕಿ ಇಳಿಯುವವರು ಅಲ್ಲಿ ಯಾರೂ ಇಲ್ಲ, ಗದ್ದೆಗೆ ಹೋಗುವ ಗೊಬ್ಬರಕ್ಕೂ ಅದೇ ಮರ್ಯಾದೆ.

"ನೀ ಕುಂದರ ಹೋಗ," ಎಂದೆ ನಾನು.

"ಏನಾಗಂಗಿಲ್ಲ ಸಣ್ಣತ್ತಿ. ಮೆತ್ತಗ ಐತಿ, ಕಾಲಿಗೆ ಹಿತ ಅನಸ್ತೈತಿ," ಎಂದು ನಕ್ಕಳು. ಅಕ್ಕನ ತಂಗಿಯಾದ್ದರಿಂದ ಅವಳಿಗೆ ನಾನು ಸಣ್ಣತ್ತೆ.

ಅಷ್ಟರಲ್ಲಿ ಅಕ್ಕನ ಕೈ ನಿಂತಿತು. ರಾಶಿಯಿಂದ ಅವಳು ಏನನ್ನೋ ಎಳೆದಳು. ತುಕ್ಕು ಹಿಡಿದ ತಂತಿ, ಅದರಲ್ಲಿ ಕಲ್ಲಿನಂತೆ ಒಣಗಿದ ಒಂದು ಲಿಂಬೆಹಣ್ಣು, ಕರ್ರಗಾದ ಮೆಣಸಿನಕಾಯಿಯ ತೊಟ್ಟುಗಳು, ತುದಿಗೊಂದು ಇದ್ದಿಲಿನ ಚೂರು. ಅಕ್ಕ ಅದನ್ನು ಕೈಯಿಂದ ಕೆಳಗೆ ಬಿಟ್ಟಳು. ನಂತರ ಸೊಸೆಯ ಕಡೆ ತಿರುಗಿ, "ಇಳೀ," ಎಂದಳು. "ಇಳೀ ಅಂತೀನಲ್ಲ! ದಾಟಬ್ಯಾಡ, ಹಿಂದಿನ ಬಾಜು ಇಳೀ. ಒಳಗ ಹೋಗು."

ಸೊಸೆಯ ಮುಖ ಬಿಳಿಚಿಕೊಂಡಿತು. ಇಳಿದು ಒಳಗೆ ಹೋದಳು.

"ಯಾರ ಮನೀದಿದು?" ಎಂದಳು ಅಕ್ಕ.

"ಓಣ್ಯಾಗಿನವರದು. ಏನಾತೀಗ? ಲಿಂಬಿಹಣ್ಣದು."

"ಮಂದಿ ಕಣ್ಣು, ಮಂದಿ ಹೊಟ್ಟಿಕಿಚ್ಚು ಎಲ್ಲಾ ಹೀರಿ ಒಗದದ್ದು. ಅದನ್ನ ಕೂಡಿಸಿ ಕೂಡಿಸಿ ನನ್ನ ಗದ್ದಿಗೆ ತಂದಿಯೇನು? ಬಸುರಿ ಹೆಂಗಸು ಐತಿ ಮನ್ಯಾಗ. ಆ ಅನ್ನ ಕೂಸಿಗೆ ಉಣಸಬೇಕ ನಾವು."

"ಆ ಕೂಸಿನ ಸಲುವಾಗೇ ಅಲ್ಲೇನ ನಾ ಏಳ ತಿಂಗಳ ಮಂದಿ ಕಸದಾಗ ಕೈ ಹಾಕಿದ್ದು! ವಿಷ ಇಲ್ಲದ ಅನ್ನ ಉಣ್ಣಲಿ ಅಂತ!"

"ಇದು ವಿಷ ಅಲ್ಲೇನು?"

ಹೇಳಿ, ಯಾರಿಗಾದರೂ ತಲೆ ಕೆಡುವುದಿಲ್ಲವೇ? ಏಳು ತಿಂಗಳು! ಇಕ್ಕಳ ಹಿಡಿದು ಬೆರಳು ಜಡ್ಡುಗಟ್ಟಿದ್ದು, ಓಣಿಯವರ ನಗೆ ಕೇಳಿದ್ದು, ಮಜ್ಜಿಗೆ ಸುರಿದದ್ದು ಎಲ್ಲ ಒಂದು ಒಣಗಿದ ಲಿಂಬೆಹಣ್ಣಿನ ಮುಂದೆ ಮಣ್ಣುಪಾಲು. ಒಂದೊಂದನ್ನೂ ಆರಿಸಿ ತೆಗೆಯುತ್ತೇನೆ ಎಂದೆ. ಆರಿಸಿದರೆ ದೃಷ್ಟಿ ಆರಿಸಿದ ಹಾಗಾಯಿತೇ ಎಂದಳು. ಸುಟ್ಟರೆ ಬೂದಿ, ಕೊಳೆತರೆ ಮಣ್ಣು, ಅದರಲ್ಲಿ ಬೇರೇನೂ ಇರುವುದಿಲ್ಲ ಎಂದು ಕಿರುಚಿದೆ. ಅಕ್ಕ ಕಲ್ಲಿನಂತೆ ನಿಂತು, "ಒಯ್ಯಿದನ್ನ ವಾಪಸ್," ಎಂದಳು. ಆಗ ನನ್ನ ಬಾಯಿಂದ ಆ ಮಾತು ಹೊರಬಿತ್ತು.

"ಹಂಗಾರ ಹೋದ ಸಲ ಯಾವ ಲಿಂಬಿಹಣ್ಣ ದಾಟಿದ್ಲು ನಿನ್ನ ಸೊಸಿ?"

ಹೇಳಿದ ಕೂಡಲೇ ನಾಲಗೆ ಕಡಿದುಕೊಂಡೆ. ಬಾಗಿಲು ತೆರೆದೇ ಇತ್ತು, ಒಳಗೆ ಆ ಹುಡುಗಿ ಇದ್ದಳು. ಅಕ್ಕ ನನ್ನನ್ನೇ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಒಳಗೆ ಹೋದಳು.

ನಾನು ಅಂಗಳದಲ್ಲಿ ಒಬ್ಬಳೇ ಉಳಿದೆ. ಥೂ ನನ್ನ ಬಾಯಿಗಿಷ್ಟು ಎಂದುಕೊಂಡೆ. ಆದರೆ ಸಿಟ್ಟು ಇಳಿದಿರಲಿಲ್ಲ, ನಾಚಿಕೆ ಅದರ ಜೊತೆ ಸೇರಿ ಇನ್ನೂ ಉರಿಯಿತು. ಕೊಟ್ಟಿಗೆಯಲ್ಲಿ ದೊಡ್ಡ ಕಣ್ಣಿನ ಸಾಣಿಗೆ ನೇತಾಡುತ್ತಿತ್ತು. ತಂದು ತಾಡಪತ್ರಿಯ ಮೇಲೆ ಕಾಲು ಚಾಚಿ ಕೂತು, ಗೊಬ್ಬರವನ್ನು ಹಿಡಿ ಹಿಡಿಯಾಗಿ ಸೋಸತೊಡಗಿದೆ. ಒಂದು ತಂತಿ ಉಳಿಯದ ಹಾಗೆ ಸೋಸಿ, ಅವಳ ಮುಂದೆ ಹಿಡಿದು ತೋರಿಸುತ್ತೇನೆ, ಆಮೇಲೆ ಏನು ಅನ್ನುತ್ತಾಳೋ ನೋಡೇಬಿಡುತ್ತೇನೆ ಎಂಬ ಹಟ.

ಸಾಣಿಗೆಯಲ್ಲಿ ತಂತಿಗಳು ಸಿಕ್ಕವು. ಜೊತೆಗೆ ಬೇರೆಯವೂ ಸಿಕ್ಕವು. ಇಷ್ಟೆಲ್ಲ ದಿನಾ ಆರಿಸಿದ ಮೇಲೂ ಹಾಲಿನ ಪಾಕೀಟಿನ ಮೂಲೆಗಳು, ಹಣ್ಣಿಗೆ ಅಂಟಿಸುವ ಸ್ಟಿಕ್ಕರುಗಳು, ಗಾಜಿನ ಬಳೆಯ ಒಂದು ತುಂಡು, ಒಂದು ಪಿನ್ನು. ಒಂದೊಂದು ಸಿಕ್ಕಾಗಲೂ ನಾನು ಓಣಿಯವರನ್ನು ಮನೆಮನೆಯಾಗಿ ಬೈದೆ. ಬಳೆ ಮೂರನೇ ಮನೆಯವರದು, ಪಾಕೀಟು ಆ ವೈನಿಯದೇ, ಪಿನ್ನು ಮೂಲೆ ಮನೆಯ ಟೇಲರನದು. ಮೂರ್ಖರು, ಕಲಿತ ಮೂರ್ಖರು. ನನ್ನ ಕೈಯಲ್ಲಿದ್ದರೆ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಎಷ್ಟು ಹೊತ್ತಾಯಿತೋ, ಮೇಲೆ ನೆರಳು ಬಿತ್ತು. ಸೊಸೆ ಒಂದು ಲೋಟ ಮಜ್ಜಿಗೆ ಹಿಡಿದು ನಿಂತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತ್ತು, ಕಣ್ಣು ಕೆಂಪಾಗಿದ್ದವು. ಆದರೂ, "ಕುಡೀರಿ ಸಣ್ಣತ್ತಿ, ಬಿಸಲಿಗೆ ಕುಂತೀರಿ," ಎಂದಳು. ನಾನು ಲೋಟ ತೆಗೆದುಕೊಂಡೆ. "ಅತ್ತಿ ಸಿಟ್ಟು ಇಳೀತೈತ್ರಿ. ನೀವು ಹಿಂಗ ಒಬ್ಬರ ಮಾಡಿದ್ರ ಸಂಜಿ ಆಗತೈತಿ. ನಾ ಹೆಂಟಿ ಒಡದ ಕೊಡತೀನಿ, ನೀವು ಸೋಸ್ರಿ," ಎಂದು ನಾನು ತಡೆಯುವ ಮೊದಲೇ ಮತ್ತೆ ರಾಶಿಯ ಮೇಲೆ ಕಾಲಿಟ್ಟಳು. ನಾನೂ ತಡೆಯಲಿಲ್ಲ. ಖರೇ ಹೇಳಬೇಕೆಂದರೆ, ಅವಳು ನನ್ನ ಪಕ್ಷಕ್ಕೆ ಬಂದಳೆಂದು ಒಳಗೊಳಗೆ ಗೆದ್ದಂತಾಯಿತು.

ಮುಂದಿನ ಹಿಡಿಗೆ ಕೈ ಹಾಕಿದೆ. ಉಂಗುರದ ಬೆರಳಿಗೆ ಚುಕ್ ಅಂತ ಚುಚ್ಚಿತು.

ಮುಳ್ಳು ಇರಬೇಕೆಂದು ಬೆರಳು ಎತ್ತಿದೆ. ಸಾಸಿವೆಯಷ್ಟು ರಕ್ತ. ಮಣ್ಣು ಸರಿಸಿದರೆ ಒಂದು ಸಣ್ಣ ಪ್ಲಾಸ್ಟಿಕ್ ಟೋಪಿ, ಅದರ ತುದಿಗೆ ಕೂದಲಿಗಿಂತ ಸ್ವಲ್ಪ ದಪ್ಪದ ಸೂಜಿ. ಅದರ ಬಾಜುವಿಗೇ ಇನ್ನೊಂದು. ಇನ್ಸುಲಿನ್ ಪೆನ್ನಿನ ಸೂಜಿಗಳು.

ನನಗೆ ಅದರ ಗುರುತು ಹೇಳಿಕೊಡಬೇಕಾಗಿರಲಿಲ್ಲ. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ಅವನಿಗೆ ಸೂಜಿ ಕಂಡರೆ ಹೆದರಿಕೆ, ದಿನಾ ಬೆಳಿಗ್ಗೆ ಹೊಟ್ಟೆಗೆ ಚುಚ್ಚುವವಳು ನಾನೇ. ಅದೂ ಅಡುಗೆಮನೆಯಲ್ಲೇ, ಒಂದು ಕಣ್ಣು ಒಲೆಯ ಮೇಲಿನ ಉಪ್ಪಿಟ್ಟಿನ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟು. ಚುಚ್ಚಿ, ಸೂಜಿ ಬಿಚ್ಚಿ, ಮುಚ್ಚಳ ಹಾಕಿ ಡಬ್ಬಿಗೆ ಹಾಕಬೇಕು. ಎಷ್ಟೋ ದಿನ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದೆ; ಈರುಳ್ಳಿ ಸಿಪ್ಪೆ, ಕೊತ್ತಂಬರಿ ಬೇರು ಬಳಿದು ಬಕೀಟಿಗೆ ಹಾಕುವಾಗ ಅದೂ ಜೊತೆಗೆ ಹೋಗಿರಬೇಕು. ಏಳು ಮನೆಯ ಬಕೀಟನ್ನು ನಾನು ದಿನಾ ಕೆದಕುತ್ತಿದ್ದೆ. ನಮ್ಮದನ್ನು ಒಂದು ದಿನವೂ ನೋಡಿರಲಿಲ್ಲ. ನಮ್ಮದರಲ್ಲಿ ನೋಡುವುದೇನಿದೆ ಎಂಬ ಸೊಕ್ಕು.

ಆಗ ನನ್ನ ಕಣ್ಣು ಸೊಸೆಯ ಕಾಲಿನ ಕಡೆ ಹೋಯಿತು. ಹಿಮ್ಮಡಿ ಊರಿ, ಗಸಗಸ ತಿರುವಿ ಅವಳು ಹೆಂಟೆ ಒಡೆಯುತ್ತಿದ್ದಳು.

"ಕಾಲ ತಗೀ!" ಎಂದು ಕೂಗಿದೆ. "ಅಯ್ಯೋ, ಅಲ್ಲೇ ನಿಂದ್ರು! ಅಲುಗಾಡಬ್ಯಾಡ!"

ನನ್ನ ಕೂಗಿಗೆ ಅಕ್ಕ ಒಳಗಿನಿಂದ ಓಡಿಬಂದಳು, ಆ ಮೊಣಕಾಲಿನಲ್ಲಿ. ನಾನು ಸೊಸೆಯನ್ನು ಕಂಕುಳಲ್ಲಿ ಹಿಡಿದು ಇಳಿಸಿ, ಕಟ್ಟೆಯ ಮೇಲೆ ಕೂರಿಸಿ, ನೆಲಕ್ಕೆ ಕೂತು ಅವಳ ಬಲಗಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.

"ಸಣ್ಣತ್ತಿ, ಬ್ಯಾಡ್ರಿ! ನನ್ನ ಕಾಲ ಮುಟ್ಟಬ್ಯಾಡ್ರಿ, ಪಾಪ ಹತ್ತತೈತಿ ನನಗ," ಎಂದು ಆ ಹುಡುಗಿ ಕಾಲು ಎಳೆದುಕೊಳ್ಳಲು ನೋಡಿದಳು. ದೊಡ್ಡವರು ಸಣ್ಣವರ ಕಾಲು ಹಿಡಿಯುವುದುಂಟೇ? ನಾನು ಬಿಡಲಿಲ್ಲ. ಸೆರಗಿನಿಂದ ಅಂಗಾಲು ಒರೆಸಿದೆ, ಬೆಳಕಿಗೆ ತಿರುಗಿಸಿದೆ. ಅಂಗಾಲಿನ ತುಂಬ ಬಿರುಕು, ಬಿರುಕಿನ ತುಂಬ ನನ್ನ ಗೊಬ್ಬರ. ಅದರಲ್ಲಿ ಸೂಜಿಯ ಮೊನೆಯಷ್ಟು ತೂತನ್ನು ಎಲ್ಲಿ ಅಂತ ಹುಡುಕಲಿ? ಬೆರಳಿಂದ ಒತ್ತಿ ಒತ್ತಿ ಇಲ್ಲಿ ನೋಯ್ತದೇನು, ಇಲ್ಲಿ ನೋಯ್ತದೇನು ಎಂದು ಕೇಳಿದೆ. ಇಲ್ಲರೀ, ಇಲ್ಲರೀ ಎಂದಳು. ಎಡಗಾಲು ನೋಡಿದೆ. ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ನಾನು ಅಳುತ್ತಿದ್ದೇನೆಂದು ಆಗ ತಿಳಿಯಿತು.

ಅಕ್ಕ ತಂಬಿಗೆಯಲ್ಲಿ ನೀರು ತಂದು ಸೊಸೆಯ ಎರಡೂ ಕಾಲಿಗೆ ಹೊಯ್ದಳು. ತನ್ನ ಕೈಯಿಂದಲೇ ತಿಕ್ಕಿ ತೊಳೆದು, ಒಂದೊಂದು ಬೆರಳ ಸಂದಿಯನ್ನೂ ಬಿಡಿಸಿ ನೋಡಿದಳು. ಎಲ್ಲೂ ಏನೂ ಚುಚ್ಚಿರಲಿಲ್ಲ. ಉಳಿದ ನೀರನ್ನು ನನ್ನ ಬೆರಳಿನ ಮೇಲೆ ಹೊಯ್ದು, ತಾಡಪತ್ರಿಯ ಮೇಲಿನ ಸೂಜಿಗಳ ಕಡೆ ನೋಡಿದಳು.

"ಯಾರ ಮನೀದು ಅದು?"

ಏಳು ಮನೆ ಇದ್ದವು. ಯಾರ ಹೆಸರು ಹೇಳಿದರೂ ನಡೆಯುತ್ತಿತ್ತು.

"ನಮ್ಮ ಮನೀದು ಅಕ್ಕಾ. ನಾನ ಹಾಕಿದ್ದು."

ಅಕ್ಕ ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಚಾಲಕ ಬಂದ ಮೇಲೆ ಸುರಿದ ಗೊಬ್ಬರವನ್ನು ಸಲಿಕೆಯಿಂದ ಮತ್ತೆ ಚೀಲಕ್ಕೆ ತುಂಬಿ, ಇಪ್ಪತ್ತೂ ಚೀಲದ ಬಾಯಿ ಕಟ್ಟಿ ನಾನೇ ಗಾಡಿಗೆ ಹಾಕಿಸಿದೆ. ಸೊಸೆಗೆ ಹೇಳಬೇಕಾದ ಮಾತು ಒಂದಿತ್ತು. ಹೋಗುವಾಗ ಅವಳ ತಲೆ ಸವರಿ, "ನನ್ನ ಬಾಯಿ ಕೆಟ್ಟದ್ದವಾ, ಮನಸ್ಸಿಗೆ ಹಚಕೋಬ್ಯಾಡ," ಎಂದೆ. ಅವಳು ತಲೆ ಆಡಿಸಿದಳು. ಅಕ್ಕ ಬಾಗಿಲಲ್ಲಿ ನಿಂತು, "ಮಳಿ ಬರೂದ್ರಾಗ ನಂದಗಡದಾಗಿಂದ ಒಂದು ಚೀಲ ಸರಕಾರಿ ಗೊಬ್ಬರ ತಂದ ಕೊಡು. ನನಗ ಹೋಗೂದಾಗಂಗಿಲ್ಲ, ಮೊಣಕಾಲ," ಎಂದಳಷ್ಟೇ.

ಎರಡು ದಿನ ಬಿಟ್ಟು ನಾನು ಶಾಲೆಗೆ ರಜೆ ಹಾಕಿ ನಂದಗಡದ ಅಂಗಡಿಯಿಂದ ಆ ಚೀಲ ತಂದೆ. ರಿಕ್ಷಾದಿಂದ ಇಳಿಸಿ, ಅದೇ ತಾಡಪತ್ರಿಯ ಮೇಲೆ ಇಟ್ಟೆ. ಅಕ್ಕ ಹೊಲಿಗೆಯ ದಾರ ಎಳೆದು ಬಿಚ್ಚಿದಳು. ಸಾಬೂದಾಣಿಯಷ್ಟು ಸಣ್ಣ ಕಾಳುಗಳನ್ನು ಒಂದು ಹಿಡಿ ಅಂಗೈಗೆ ಹಾಕಿಕೊಂಡು, ಇನ್ನೊಂದು ಕೈಯ ಬೆರಳಿಂದ ಹರಡಿ ಹರಡಿ, ಬಹಳ ಹೊತ್ತು ನೋಡಿದಳು.

"ಇದರಾಗ ಏನೂ ಇಲ್ಲ ನೋಡು," ಎಂದಳು. "ಸ್ವಚ್ಛ ಐತಿ."